ಮೇಜಿನ ಕೆಳಗಿನ ಗಂಡ

ನವೆಂಬರ್ 4, ಮಂಗಳವಾರ. ಹುಕ್ಕೇರಿ

ಜಾತ್ರೆಗೆ ಹುಡುಗರು ‘ಆಷಾಢಭೂತಿ’ ಆಡುವವರಿದ್ದಾರೆ. ಫ್ರೆಂಚ್ ನಾಟಕಕಾರ ಮೊಲಿಯೇರನ ‘ತಾರ್ತ್ಯೂಫ್’ ನಾಟಕವನ್ನು ಎ.ಎನ್. ಮೂರ್ತಿರಾಯರು ಕನ್ನಡದ ಮನೆಯೊಳಗೆ ತಂದದ್ದು. ಪೇಂಡಾಲಿನ ಬಾಗಿಲಿಗೆ ಚಿತ್ರಫಲಕ ಬರೆಯುವ ಕೆಲಸ ನನ್ನ ಪಾಲಿಗೆ. ಮೊಲಿಯೇರನ ದೃಶ್ಯಗಳನ್ನೇ ಬರೆಯುವ ಆಸೆ. ರಾತ್ರಿ ಮತ್ತೆ ಓದಿದೆ, ನಿದ್ದೆ ಬರಲಿಲ್ಲ.

ನವೆಂಬರ್ 5

ನಾಲ್ಕನೆಯ ಅಂಕ. ಗಂಡ ಆರ್ಗಾನ್ ಮೇಜಿನ ಕೆಳಗೆ. ಹೆಂಡತಿ ಎಲ್ಮೀರ್ ಕೆಮ್ಮುತ್ತಾಳೆ, ಅವನು ಹೊರಗೆ ಬರುವುದಿಲ್ಲ. ಸಾಧುವಿನ ಸೋಗು ಹಾಕಿ ಅವಳ ಬೆನ್ನು ಬಿದ್ದ ಕಪಟಿ ತಾರ್ತ್ಯೂಫ್‌ನ ಮಾತೆಲ್ಲ ಕಿವಿಗೆ ಬೀಳುತ್ತಿದೆ. ಆದರೂ ಬರುವುದಿಲ್ಲ! ನಗು ಇರುವುದು ಇಲ್ಲೇ. ಇದನ್ನು ಬರೆಯುವುದು ಹೇಗೆ? ಮೇಜಿನ ಬಟ್ಟೆ ನೆಲದವರೆಗೆ ಇಳಿದಿದ್ದರೆ ಗಂಡನೇ ಕಾಣುವುದಿಲ್ಲ.

ಮೊಲಿಯೇರನ ನಾಟಕಗಳ 1682ರ ಆವೃತ್ತಿಗೆ ಬ್ರಿಸ್ಸಾರ್ ಬರೆದ ಚಿತ್ರದಲ್ಲಿ ಆರ್ಗಾನ್ ಮೇಜಿನಡಿಯಿಂದ ತಲೆ ಹೊರಗೆ ಹಾಕಿದ್ದಾನೆ, ಕಪಟಿ ಎದುರಿಗೇ ಇದ್ದಾನೆ. ನಾಟಕದಲ್ಲಾದರೆ ಅವನು ಏಳುವಾಗ ಕಪಟಿ ಹೊರಗೆ ಹೋಗಿರುತ್ತಾನೆ. ಎರಡು ಗಳಿಗೆ ಒಂದೇ ಚೌಕಟ್ಟಿಗೆ ಬಂದಿವೆ. ಬೇಕೆಂದೇ ತಂದಿರಬೇಕು. ಆ ಧೈರ್ಯ ನನಗಿದೆಯೇ?

ಅದೇ ರಾತ್ರಿ, ಹನ್ನೊಂದು

ಮನೆಯವಳನ್ನು ಮೇಜಿನ ಹತ್ತಿರ ನಿಲ್ಲಿಸಿ ಕೆಮ್ಮು ಅಂದೆ.

“ಗಂಡಗ ಕೇಳಲಿ ಅಂತ ಕೆಮ್ಮೂದಲ್ರೀ? ಹಂಗಾದ್ರ ಮಾರಿ ಅಂವನ ಕಡೆನ ಇರಲಿ. ಕೈ ಅಷ್ಟ ಮೇಜಿನ ಮ್ಯಾಲ ಬಡೀಲಿ.”

ಅಷ್ಟೇ. ಕೈ. ಆ ಕೈಯ ಸಿಟ್ಟು ಬರೆದರೆ ಸಾಕು. ಬೆಳಗಿನವರೆಗೆ ಬರೀ ಬೆರಳುಗಳನ್ನೇ ಗೀಚಿದೆ.

ನವೆಂಬರ್ 8

ಕುಲಗೋಡ ಕಡೆಯ ಹಿರಿಯರೊಬ್ಬರು ಬಂದಿದ್ದರು. ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಭಾಗವತರಾಗಿದ್ದವರು. ಚಿತ್ರ ನೋಡಿ, “ತಮ್ಮಾ, ನಮ್ಮಲ್ಲಿ ಮೇಜ ಎಲ್ಲೈತಿ? ಮುಚ್ಚಿಟ್ಟು ನಗಸೂದಿಲ್ಲ, ಎಲ್ಲಾರ ಮುಂದ ನಿಂತ ನಗಸ್ತೀವಿ” ಅಂದರು. ಗೊಲ್ಲತಿ ಕೃಷ್ಣನಿಗೆ ಎದುರುತ್ತರ ಕೊಡುವುದನ್ನು ಕೂತಲ್ಲೇ ಆಡಿ ತೋರಿಸಿದರು. ಹುಬ್ಬು, ಕೊರಳು, ಸೊಂಟ. ಗೀಚಿಕೊಂಡೆ. ನನ್ನ ಎಲ್ಮೀರ್‌ಗೆ ಆ ಕೊರಳು ಕೊಟ್ಟಿದ್ದೇನೆ. ಸರಿಯೋ ತಪ್ಪೋ. ಮನಸ್ಸಿಗಂತೂ ಹಿತವಾಯಿತು.

ನವೆಂಬರ್ 9

ಮನಸ್ಸು ಸರಿಯಿಲ್ಲ. ಇಡೀ ದಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು. ಏನೂ ಬರೆಯಲಿಲ್ಲ.

ನವೆಂಬರ್ 11

ಫ್ರೆಂಚ್ ಚಿತ್ರಕಾರ ದೋಮಿಯೇ 1864ರ ಸುಮಾರಿಗೆ ಬರೆದ ‘ಕ್ರಿಸ್ಪಾನ್ ಮತ್ತು ಸ್ಕಪಾನ್’ ಚಿತ್ರದ ಪ್ರತಿ ನೋಡುತ್ತಾ ಕೂತೆ. ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಪಿಸುಗುಡುತ್ತಿದ್ದಾನೆ. ಬೆಳಕು ಕೆಳಗಿನಿಂದ, ರಂಗದ ಅಂಚಿನ ದೀಪಗಳಿಂದ. ಗದ್ದ ಹೊಳೆಯುತ್ತದೆ, ಕಣ್ಣು ಕಪ್ಪು. ನಾನು ಕಂಡ ಬಯಲಾಟಗಳಲ್ಲಿ ಬೆಳಕು ಮೇಲಿನಿಂದ, ಗ್ಯಾಸ್ ಬತ್ತಿಯದು. ಹಣೆ ಮೊದಲು ಕಾಣುತ್ತಿತ್ತು. ಕಪಟಿಗೆ ಕೆಳಗಿನ ಬೆಳಕೇ ಇರಲಿ. ಎಲ್ಮೀರ್‌ಗೆ ಮೇಲಿನದು. ಒಂದೇ ಫಲಕದಲ್ಲಿ ಎರಡು ಬೆಳಕು ಸುಳ್ಳಾಗುತ್ತದೆ. ಆಗಲಿ.

ನವೆಂಬರ್ 13, ಸಂಜೆ

ಹುಡುಗರು ಬಂದು, “ಸರ್, ಕಪಟಿಗೆ ಕಾವಿ ಹಾಕ್ರಿ, ಮಂದಿಗೆ ಲಗೂನ ತಿಳೀತೈತಿ” ಅಂದರು. ಹಾಕುವುದಿಲ್ಲ. ಕಾವಿ ಉಟ್ಟವರಿಂದ ಅನ್ನ, ಅಕ್ಷರ ಕಂಡ ಸೀಮೆ ಇದು. ನಾನೂ ಮಠದ ಪ್ರಸಾದ ಉಂಡೇ ಓದಿದವನು. ಅಥವಾ ಇದು ಬರೀ ಅಂಜಿಕೆಯೋ?

1664ರಲ್ಲಿ ವರ್ಸಾಯ್ ಅರಮನೆಯಲ್ಲಿ ಆಡಿದ ಮೇಲೆ ನಾಟಕಕ್ಕೆ ತಡೆ ಬಿತ್ತು. 1667ರಲ್ಲಿ ಮೊಲಿಯೇರ್ ಕಪಟಿಯ ಹೆಸರು ಬದಲಿಸಿ, ಸೊಂಟಕ್ಕೆ ಕತ್ತಿ ಕಟ್ಟಿ, ಸಂಸಾರಸ್ಥನ ವೇಷ ತೊಡಿಸಿದ. ಮರುದಿನವೇ ಮತ್ತೆ ತಡೆ. ಒಪ್ಪಿಗೆ ಸಿಕ್ಕಿದ್ದು 1669ರಲ್ಲಿ. ಬಟ್ಟೆ ಬದಲಾದರೂ ಜನ ಗುರುತು ಹಿಡಿದಿದ್ದರು. ಹಾಗಾದರೆ ಬಿಳಿ ಧೋತರ ಸಾಕು, ಗುರುತು ಬಾಗಿದ ಬೆನ್ನಿನಲ್ಲಿರಲಿ.

ನಾಳೆ ಹುಡುಗರಿಗೆ ಹೇಳಬೇಕು. ಒಪ್ಪದಿದ್ದರೆ ಆ ಒಂದು ಫಲಕ ಬೇರೆ ಯಾರಾದರೂ ಬರೆಯಲಿ.