ಐವಾನ್-ಎ-ಶಾಹಿಯ ಬಿಸಿಲೂ ಮೆಕ್ಸಿಕೋದ ಪಾನಕವೂ

ಕಲಬುರಗಿಯ ಬೇಸಗೆಯ ವಿಷಯವನ್ನು ಕೇಳಿ ಬಲ್ಲವರು ಅನೇಕರು. ಅನುಭವಿಸಿ ಬಲ್ಲವರು ಕೆಲವರು. ಬಿಸಿಲು 40 ಡಿಗ್ರಿಯನ್ನು ದಾಟುವ ಮೇ ತಿಂಗಳಿನಲ್ಲಿ, ಮಲೆನಾಡಿನವಳಾದ ನಾನು ಅಕ್ಕನ ಮನೆಗೆಂದು ಅಲ್ಲಿಗೆ ಹೋಗಿದ್ದೆನು.

ಅಕ್ಕನ ಮನೆಯಿರುವುದು ಐವಾನ್-ಎ-ಶಾಹಿಯ ಬಳಿಯಲ್ಲಿ. ರಾಜಮಂದಿರವೆಂಬ ಅರ್ಥದ ಈ ಪಾರಸಿ ಹೆಸರು ನಿಜಾಮರ ಕಾಲದ ಕಲ್ಲಿನ ಅತಿಥಿಗೃಹದ್ದು. ಹೈದರಾಬಾದು ಸಂಸ್ಥಾನವು 1948ರಲ್ಲಿ ಭಾರತದೊಡನೆ ಸೇರಿಹೋದರೂ, ಊರಿನ ಹೆಸರೇ 2014ರಲ್ಲಿ ಗುಲ್ಬರ್ಗದಿಂದ ಕಲಬುರಗಿಯೆಂದಾದರೂ, ಈ ಹೆಸರು ಮಾತ್ರ ಹಾಗೆಯೇ ನಿಂತಿದೆ. ಮುಂಜಾನೆ ಆ ಕಟ್ಟಡದ ಸುತ್ತ ತಿರುಗಾಡಿ ಬರುವುದು ಸುಖ. ಹತ್ತು ಗಂಟೆಯಾಯಿತೆಂದರೆ ಬೀದಿಗಳು ಬರಿದಾಗಿ, ಕಿಟಕಿ ಬಾಗಿಲುಗಳೆಲ್ಲ ಮುಚ್ಚಿಬಿಡುವುವು.

ಆ ಸಲ ಮನೆಯಲ್ಲಿ ಒಂದು ಚಿಂತೆಯಿದ್ದಿತು. ಎಂಬತ್ತು ದಾಟಿದ ಅಕ್ಕನ ಅತ್ತೆಯವರು ಬಿಸಿಲಿನ ತಾಪದಿಂದ ಊಟದಲ್ಲಿ ರುಚಿಯನ್ನೇ ಕಳೆದುಕೊಂಡಿದ್ದರು. ಮಜ್ಜಿಗೆ ಬೇಡ, ಪಾನಕ ಬೇಡ. ನೀರನ್ನು ಕೂಡ ಗುಟುಕು ಗುಟುಕಾಗಿ ಕುಡಿಸಬೇಕು. ಬೀದಿಯ ಗಾಡಿಯಿಂದ ತಣ್ಣನೆಯದೇನನ್ನಾದರೂ ತರಿಸೋಣವೆಂದರೆ, ಆ ಬರ್ಫಿನ ನೀರು ಎಲ್ಲಿಯದೋ ಎಂಬ ಭಯ.

ಆಗ, ಅಮೆರಿಕದಲ್ಲಿ ಓದಿ ಬಂದಿದ್ದ ಅಕ್ಕನ ಮಗಳು, ಅಲ್ಲಿನ ಮೆಕ್ಸಿಕೋ ದೇಶದ ಗೆಳತಿಯರಿಂದ ಕಲಿತ 'ಮಾಂಗೋನಾಡ'ವನ್ನು ಮಾಡುವೆನೆಂದಳು. ಹೆಪ್ಪುಗಟ್ಟಿದ ಮಾವಿನ ಹಣ್ಣನ್ನು ಅರೆದು, ಸಿಹಿ, ಹುಳಿ, ಖಾರಗಳು ಕೂಡಿದ 'ಚಮೋಯ್' ಎಂಬ ಗೊಜ್ಜನ್ನು ಬೆರೆಸುವ ಪಾನೀಯವಿದು. ಉಪ್ಪಿನಲ್ಲಿಟ್ಟು ಒಣಗಿಸಿದ ಹಣ್ಣುಗಳಿಂದ ಅವರು ಮಾಡುವ ಆ ಗೊಜ್ಜಿಗೆ ಬದಲಾಗಿ ನಾವು ಹುಣಸೆ ಬೆಲ್ಲಗಳನ್ನು ಹಿಡಿದೆವು.

ಮಾಡುವ ಕ್ರಮವು ಸುಲಭ. ನಾರಿಲ್ಲದ ಮಾವಿನ ಹಣ್ಣಿನ ಹೋಳು 3 ಬಟ್ಟಲಿನಷ್ಟನ್ನು ಒಂದು ರಾತ್ರಿ ಫ್ರಿಜ್ಜಿನ ಬರ್ಫದ ಅರೆಯಲ್ಲಿಡಬೇಕು. ನಿಂಬೆ ಗಾತ್ರದ ಹುಣಸೆಯನ್ನು ಅರ್ಧ ಬಟ್ಟಲು ಬಿಸಿನೀರಿನಲ್ಲಿ ನೆನೆಯಿಸಿ, ಕಿವುಚಿ, ಸೋಸಿ, 4 ಚಮಚ ಬೆಲ್ಲ, 1 ಚಮಚ ಬ್ಯಾಡಗಿ ಖಾರಪುಡಿ, ಅರ್ಧ ಚಮಚ ಉಪ್ಪುಗಳನ್ನು ಕೂಡಿಸಿ, ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಕುದಿಸಬೇಕು. ಆರಿದ ಮೇಲೆ ಅರ್ಧ ನಿಂಬೆಯ ರಸ ಹಿಂಡಬೇಕು. ಹೆಪ್ಪುಗಟ್ಟಿದ ಹೋಳುಗಳನ್ನು ಕಾಯಿಸಿ ಆರಿಸಿದ 1 ಬಟ್ಟಲು ನೀರಿನೊಡನೆ ಅರೆದು, ಲೋಟದ ಒಳಮೈಗೆ ಗೊಜ್ಜನ್ನು ಸವರಿ, ಹಣ್ಣು ಒಂದು ಪದರ, ಗೊಜ್ಜು ಒಂದು ಪದರವಾಗಿ ತುಂಬಬೇಕು. ನಾಲ್ವರಿಗೆ ಸಾಕು. ರಕ್ತದ ಒತ್ತಡವುಳ್ಳವರಿಗೆ ಉಪ್ಪನ್ನು ಬಿಟ್ಟುಬಿಡಬಹುದು. ಹಿಂದಿನ ದಿನ ಕಮಲಾಪುರದಿಂದ ತಂದಿದ್ದ, ಆ ಊರಿಗೆ ಹೆಸರು ತಂದ ಕೆಂಪು ಬಾಳೆಯ ಒಂದು ಹಣ್ಣನ್ನೂ ನಾವು ಹೆಪ್ಪುಗಟ್ಟಿಸಿ ಸೇರಿಸಿದೆವು. ಪಾನೀಯವು ಕೆನೆಯಂತೆ ಮಂದವಾಯಿತು.

ಅಜ್ಜಿಯವರು ಲೋಟವನ್ನು ನೋಡಿ ಮುಖ ತಿರುಗಿಸಿದರು. "ಏನವ್ವಾ ಇದು? ಪರದೇಶದವ್ರು ಮಾವಿನಹಣ್ಣಿಗಿ ಖಾರಪುಡಿ ಹಾಕ್ತಾರೇನು?"

ಮೊಮ್ಮಗಳು ಪಕ್ಕದಲ್ಲಿ ಕುಳಿತು ಕಥೆ ಹೇಳಿದಳು. ಮಾವು ನಮ್ಮದು; ಪೂರ್ವದ್ವೀಪಗಳನ್ನು ಹಾಯ್ದು, ಸ್ಪೇನಿನವರ ಹಡಗುಗಳು ಮನಿಲಾದಿಂದ ಮೆಕ್ಸಿಕೋದ ಅಕಾಪುಲ್ಕೋ ಬಂದರಿಗೆ ಓಡಾಡುತ್ತಿದ್ದ ಕಾಲದಲ್ಲಿ ಆ ದೇಶವನ್ನು ಸೇರಿತು. ಅಲ್ಲಿನ ಒಂದು ತಳಿಗೆ ಇಂದಿಗೂ ಮನಿಲಾ ಎಂದೇ ಹೆಸರು. ಮೆಣಸಿನಕಾಯಿಯೋ ಅವರದು, ಪೋರ್ಚುಗೀಜರು 1498ರಲ್ಲಿ ನಮ್ಮ ಕರಾವಳಿಗೆ ಬಂದ ತರುವಾಯ ಅವರೊಡನೆ ಬಂದಿತು. ಅದಕ್ಕೂ ಮೊದಲು ನಮ್ಮ ಅಡಿಗೆಗೆ ಖಾರವಿತ್ತುದು ಕರಿಮೆಣಸು. ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ನಾವು ಮನೆಗೆ ಸೇರಿಸಿಕೊಂಡೆವು. ಹುಣಸೆಗೆ ಅವರಾಡುವ 'ತಮರಿಂದೋ' ಎಂಬ ಮಾತಾದರೂ 'ಹಿಂದ್ ದೇಶದ ಖರ್ಜೂರ' ಎಂಬ ಅರಬ್ಬೀ ನುಡಿಯಿಂದ ಹುಟ್ಟಿದುದು.

ಅಜ್ಜಿಯವರು ಸ್ವಲ್ಪ ಹೊತ್ತು ಯೋಚಿಸಿದರು. "ಅಂದ್ರ ನಮ್ಮ ಹಣ್ಣು ಅಲ್ಲಿಗಿ ಹೋಗ್ಯದ, ಅವರ ಕಾಯಿ ಇಲ್ಲಿಗಿ ಬಂದದ. ಬೀಗರಾದಂಗಾಯ್ತು!" ಎಂದು ನಕ್ಕು, ಒಂದು ಚಮಚ ಬಾಯಿಗಿಟ್ಟರು. ಬಳಿಕ ಇನ್ನೊಂದು. ಅರ್ಧ ಲೋಟ ಮುಗಿಯಿತು. ಸಂಜೆಗೆ ತಾವಾಗಿಯೇ ಜೋಳದ ರೊಟ್ಟಿಯನ್ನು ಕೇಳಿದರು. ಅಕ್ಕನು ಸೆರಗಿನಿಂದ ಕಣ್ಣೊರಸಿಕೊಂಡು ಒಲೆಯ ಕಡೆಗೆ ನಡೆದುದನ್ನು ನಾನು ಕಂಡೆನು.

ಸೋದರಿಯರೇ, ಬೇಸಗೆ ಮುಗಿಯುವ ಮೊದಲು ನಿಮ್ಮ ಮನೆಯ ಹಿರಿಯರಿಗೂ ಮಕ್ಕಳಿಗೂ ಇದನ್ನು ಒಮ್ಮೆ ಮಾಡಿಕೊಡಿರಿ. ಖಾರವನ್ನು ಮಾತ್ರ ಕೈ ಹಿಡಿದು ಹಾಕಿರಿ. ಕಲಬುರಗಿಯವರ ನಾಲಗೆ ಎಲ್ಲರಿಗೂ ಇರುವುದಿಲ್ಲ.