ಅಕ್ಕನ ಪಿಎಚ್‌ಡಿ ಮತ್ತು ಹದಿನಾಲ್ಕನೇ ಪ್ರಶ್ನೆ

"ಇನ್ನೂ ಮುಗೀಲಿಲ್ವಾ ಅಕ್ಕ?"

ಎರಡು ವರ್ಷದಿಂದ ಪ್ರತಿ ಶುಕ್ರವಾರ ಸಾಗರಕ್ಕೆ ಫೋನ್ ಮಾಡಿದಾಗಲೆಲ್ಲ ನಾನು ಕೇಳುತ್ತಿದ್ದ ಪ್ರಶ್ನೆ ಇದು. ಶುಕ್ರವಾರ ಇಲ್ಲಿ ಬಹ್ರೈನ್‌ನಲ್ಲಿ ರಜೆ. ಬೆಳಿಗ್ಗೆ ತಡವಾಗಿ ಎದ್ದು, ಚಹಾ ಮಾಡಿಕೊಂಡು, ಮನೆಯವರಿಗೆಲ್ಲ ಫೋನ್ ಮಾಡೋದು ನನ್ನ ರೂಢಿ. ಸಾಫ್ಟ್‌ವೇರಿನವರ ಬುದ್ಧಿ ನಿಮಗೆ ಗೊತ್ತಲ್ಲ, ಎಲ್ಲದಕ್ಕೂ ಒಂದು ಡೆಡ್‌ಲೈನ್ ಬೇಕು.

ಅಕ್ಕ ಕಾಲೇಜಿನಲ್ಲಿ ಪಾಠ ಮಾಡುತ್ತಾ, ಪಾರ್ಟ್‌ಟೈಮ್ ಆಗಿ ಸಂವಹನ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಎಂ.ಎ. ಮುಗಿದ ವರ್ಷವೇ ಮಾಡಬೇಕಿತ್ತು. ಆಗ ನನ್ನ ಇಂಜಿನಿಯರಿಂಗ್ ಫೀಸು ಕಟ್ಟೋದಿತ್ತು, ಅವಳು ಕೆಲಸಕ್ಕೆ ಸೇರಿಬಿಟ್ಟಳು. ಈ ವಿಷಯ ಅವಳು ಯಾವತ್ತೂ ಎತ್ತಿಲ್ಲ. ನಾನೂ ಎತ್ತಿಲ್ಲ.

ಒಂದು ಶುಕ್ರವಾರ ಅವಳಿಗೆ ರೇಗಿ ಹೋಯ್ತು. "ಕೇಳು ಮಾರಾಯ, ಒಂದ್ಸಲ ಸರಿಯಾಗಿ ಹೇಳ್ತೀನಿ" ಅಂತ ಶುರು ಮಾಡಿದಳು.

ಯುಜಿಸಿಯ 2022ರ ನಿಯಮದ ಪ್ರಕಾರ ಮೂರು ವರ್ಷಕ್ಕೆ ಮೊದಲು ಪಿಎಚ್‌ಡಿ ಮುಗಿಸುವ ಹಾಗೇ ಇಲ್ಲ! ಅಂದರೆ ಎರಡು ವರ್ಷದಿಂದ ನಾನು ಕೇಳುತ್ತಿದ್ದದ್ದು ಪೂರ್ತಿ ದಡ್ಡ ಪ್ರಶ್ನೆ. ಮಿತಿ ಆರು ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೆರಡು, ಹೆಂಗಸರಿಗೆ ಮತ್ತೂ ಎರಡು. ಒಳಗೆ ಹೋಗೋಕೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡಾ 55 ಅಂಕ, ಮೇಲೆ ನೆಟ್ ಅಥವಾ ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಕೆಲಸದಲ್ಲಿರುವವರು ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ತರಬೇಕು. ನಂತರ 12ರಿಂದ 16 ಕ್ರೆಡಿಟ್‌ಗಳ ಕೋರ್ಸ್‌ವರ್ಕ್. ಸಂಶೋಧನಾ ವಿಧಾನ, ಸಂಶೋಧನೆಯ ನೀತಿ ಎಲ್ಲ ಅಲ್ಲೇ ಕಲಿಯೋದು. ಪ್ರತಿ ಸೆಮಿಸ್ಟರ್‌ಗೂ ಸಲಹಾ ಸಮಿತಿ ಮುಂದೆ ನಿಂತು ಎಲ್ಲಿಗೆ ಬಂತು ಅಂತ ಹೇಳಬೇಕು. ಕೊನೆಗೆ ಮಹಾಪ್ರಬಂಧ, ಕೃತಿಚೌರ್ಯದ ತಪಾಸಣೆ, ಹೊರಗಿನ ಇಬ್ಬರು ಪರೀಕ್ಷಕರ ಓದು, ಆಮೇಲೆ ಎಲ್ಲರೆದುರು ಮೌಖಿಕ ಪರೀಕ್ಷೆ. ಮುಗಿದ ಮೇಲೆ ಪ್ರಬಂಧ ಶೋಧಗಂಗಾ ಜಾಲತಾಣಕ್ಕೆ ಹೋಗುತ್ತೆ, ಯಾರು ಬೇಕಾದರೂ ಓದಬಹುದು.

ಇಷ್ಟೆಲ್ಲ ಕೇಳಿಯೂ ನಾನು ಬಿಡಲಿಲ್ಲ. "ಸುಲಭದ ವಿಷಯ ತಗೊಳ್ಳೋದಲ್ವಾ? ಪತ್ರಿಕೆಗಳ ಮೇಲೆ ಬರಿ" ಅಂದೆ. ಇಲ್ಲಿ ಮುಹರಕ್‌ನಲ್ಲಿ ಅಬ್ದುಲ್ಲಾ ಅಲ್ ಝಾಯೆದ್ ಅವರ ಮನೆ ಇದೆ. 1939ರಲ್ಲಿ ಈ ದ್ವೀಪದ ಮೊದಲ ಪತ್ರಿಕೆ ತಂದವರು ಅವರು. ಮನೆಯನ್ನು ಪತ್ರಿಕಾ ಪರಂಪರೆಗೆ ಅಂತಲೇ ಚೆಂದ ಮಾಡಿ ಇಟ್ಟಿದ್ದಾರೆ. ನಮ್ಮಲ್ಲೂ 1843ರ ಮಂಗಳೂರ ಸಮಾಚಾರದಿಂದ ಹಿಡಿದು ಎಷ್ಟೊಂದಿದೆ...

"ಅದಕ್ಕೇ ಬೇಡ" ಅಂದಳು. "ಪತ್ರಿಕೆನ ಜೋಪಾನ ಮಾಡೋರಿದ್ದಾರೆ. ಗಲ್ಫಿಗೆ ಹೋದೋರು ಮನೆಗೆ ಬರೆದ ಕಾಗದ, ಮಾತಾಡಿ ಕಳಿಸಿದ ಕ್ಯಾಸೆಟ್ಟು, ಈಗಿನ ವಾಟ್ಸಾಪ್ ಮಾತು ಇವನ್ನೆಲ್ಲ ಯಾರು ಇಟ್ಕೊಂಡಿದ್ದಾರೆ?" ಅವಳ ವಿಷಯ ಅದು. ಮನೆ ಬಿಟ್ಟು ಹೋದವರು ಮನೆಯವರ ಜೊತೆ ಏನು ಮಾತಾಡುತ್ತಾರೆ, ಹೇಗೆ ಮಾತಾಡುತ್ತಾರೆ.

ಎರಡು ವಾರ ಬಿಟ್ಟು ಒಂದು ಪ್ರಶ್ನಾವಳಿ ಕಳಿಸಿದಳು. ನಿಜವಾದ ಸಮೀಕ್ಷೆಗೆ ಮೊದಲು ನಾಲ್ಕಾರು ಜನರ ಮೇಲೆ ಪ್ರಯೋಗ ಮಾಡಿ ನೋಡೋದು, ಪೈಲಟ್ ಸ್ಟಡಿ ಅಂತಾರಂತೆ. ನಾವು ರಿಲೀಸಿಗೆ ಮುಂಚೆ ಟೆಸ್ಟಿಂಗ್ ಮಾಡೋ ಹಾಗೆ. "ನಿನ್ನ ಉತ್ತರ ಲೆಕ್ಕಕ್ಕೆ ತಗೊಳಲ್ಲ, ಪ್ರಶ್ನೆ ಅರ್ಥ ಆಗುತ್ತಾ ಅಂತ ನೋಡೋಕೆ ಅಷ್ಟೆ. ಬೇಡ ಅನ್ನಿಸಿದ ಪ್ರಶ್ನೆ ಖಾಲಿ ಬಿಡು."

ವಾರಕ್ಕೆ ಎಷ್ಟು ಸಲ ಫೋನ್ ಮಾಡ್ತೀರಿ, ಮೊದಲು ಯಾರ ಜೊತೆ ಮಾತಾಡ್ತೀರಿ... ಟಕಟಕ ತುಂಬಿಸಿಕೊಂಡು ಹೋದೆ. ಹದಿನಾಲ್ಕನೇ ಪ್ರಶ್ನೆಗೆ ಕೈ ನಿಂತಿತು. "ಕಳೆದ ಎರಡು ವರ್ಷಗಳಲ್ಲಿ ಮನೆಯವರಿಂದ ಮುಚ್ಚಿಟ್ಟ ಮುಖ್ಯ ಸಂಗತಿ ಏನಾದರೂ ಇದೆಯೇ?"

ಇತ್ತು. ಹೋದ ವರ್ಷ ನಮ್ಮ ಪ್ರಾಜೆಕ್ಟ್ ಅರ್ಧಕ್ಕೆ ನಿಂತು ಎರಡು ತಿಂಗಳು ನನಗೆ ಸಂಬಳ ಇರಲಿಲ್ಲ. ಊರಿಗೆ ಮಾತ್ರ ತಪ್ಪದೆ ದುಡ್ಡು ಹೋಗಿತ್ತು, ಗೆಳೆಯನ ಹತ್ತಿರ ಸಾಲ ಮಾಡಿ. ಆ ಎಲ್ಲ ಶುಕ್ರವಾರಗಳಲ್ಲೂ ನಾನು "ಇಲ್ಲೆಲ್ಲ ಆರಾಮ" ಅಂದಿದ್ದೆ.

"ಇಲ್ಲ" ಅಂತ ಗುರುತು ಹಾಕಿ ಕಳಿಸಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಅಕ್ಕ ಮೂರು ವರ್ಷ ಕೂತು ಮಾಡೋ ಕೆಲಸಕ್ಕೆ ಮೊದಲ ಸುಳ್ಳು ನನ್ನದೇ! ಬೆಳಿಗ್ಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಬೈತಾಳೆ ಅಂದುಕೊಂಡೆ.

"ನಂದೂ ಒಂದಿದೆ ಕಣೋ" ಅಂದಳು. "ಹಿಂದಿನ ಸೆಮಿಸ್ಟರ್‌ನಲ್ಲಿ ಸಮಿತಿಯವರು ಒಪ್ಪಲಿಲ್ಲ. ವಿಧಾನದ ಅಧ್ಯಾಯ ಪೂರ್ತಿ ಹೊಸದಾಗಿ ಬರೀಬೇಕು ಅಂದ್ರು. ಆರು ತಿಂಗಳ ಕೆಲಸ ಹೋಯ್ತು. ಬಿಟ್ಟೇ ಬಿಡೋಣ ಅಂತಿದ್ದೆ. ನೀನು ಪ್ರತಿ ವಾರ ಮುಗೀತಾ ಮುಗೀತಾ ಅಂತಿದ್ದೆಯಲ್ಲ, ಹೇಳೋಕೆ ಬಾಯಿ ಬರಲಿಲ್ಲ."

ನನಗೆ ಏನು ಹೇಳಬೇಕು ಅಂತಲೇ ತೋಚಲಿಲ್ಲ.

ಆಮೇಲೆ ಅವಳು ಮೇಷ್ಟ್ರ ದನಿಗೆ ಮರಳಿದಳು. ಪೈಲಟ್ಟಿನ ಎಲ್ಲರೂ ಹದಿನಾಲ್ಕಕ್ಕೆ "ಇಲ್ಲ" ಅಂತಲೇ ಬರೆದಿದ್ದರಂತೆ. ಹಾಳೆ ಮೇಲೆ ಕೇಳಿದರೆ ಯಾರೂ ಹೇಳುವ ವಿಷಯ ಅಲ್ಲ ಅದು. ಹಾಗಾಗಿ ಆ ಪ್ರಶ್ನೆ ಪಟ್ಟಿಯಿಂದ ತೆಗೆದು, ಕೆಲವರ ಜೊತೆ ಮಾತ್ರ ಕೂತು ನಿಧಾನವಾಗಿ ಸಂದರ್ಶನ ಮಾಡ್ತಾಳೆ. ಹೊಸ ಅಧ್ಯಾಯ ಅಲ್ಲಿಂದ ಶುರುವಾಗಿದೆ. ಮುಂದಿನ ತಿಂಗಳು ಮತ್ತೆ ಸಮಿತಿ ಮುಂದೆ ಹೋಗಬೇಕು. ಒಪ್ತಾರೋ ಇಲ್ಲವೋ ಗೊತ್ತಿಲ್ಲ.

ಈಗ ನಾನು "ಮುಗೀತಾ" ಅಂತ ಕೇಳೋದು ಬಿಟ್ಟಿದ್ದೇನೆ. "ಈ ವಾರ ಏನು ಬರೆದೆ?" ಅಂತೀನಿ. ಏನೂ ಬರೆಯದ ವಾರ "ಏನೂ ಇಲ್ಲ" ಅಂತ ನಗ್ತಾಳೆ. ನಾನೂ ಆಫೀಸಿನ ಕಷ್ಟ ಹೇಳ್ತೀನಿ.

ಇನ್ನೊಂದು ಮಾತು. ಇಲ್ಲಿನ ಕನ್ನಡ ಸಂಘ ಶುರುವಾದದ್ದು 1977ರಲ್ಲಿ. ಆ ಕಾಲದಿಂದ ಇಲ್ಲಿರುವ ಹಿರಿಯರು ನಿಮಗೆ ಪರಿಚಯ ಇದ್ದರೆ, ಅವರ ಮನೆಯಲ್ಲಿ ಹಳೇ ಕಾಗದವೋ, ಮಾತು ತುಂಬಿದ ಕ್ಯಾಸೆಟ್ಟೋ ಇದ್ದರೆ ದಯವಿಟ್ಟು ತಿಳಿಸಿ. ಟೇಪ್ ರೆಕಾರ್ಡರ್ ಹುಡುಕಿಕೊಂಡು ನಾನೇ ಬರ್ತೀನಿ :)