ವಾಲ್ಯಾ, ಊಟಾತೇನೋ?

2008ರ ‘ವಾಲ್-ಈ’ ಚಿತ್ರದಲ್ಲಿ ಕಸ ಒತ್ತಿ ಇಟ್ಟಿಗೆಯಂತೆ ಪೇರಿಸುವ ರೋಬೋಗೆ ಮಾತು ಬಹಳ ಕಮ್ಮಿ. ಬೆನ್ ಬರ್ಟ್ ಕೊಟ್ಟ ದನಿಯಲ್ಲಿ ತನ್ನ ಹೆಸರು, ಗೆಳತಿ ಈವ್‌ಳ ಹೆಸರು ಹೇಳಿದರೆ ಅದೇ ದೊಡ್ಡ ಭಾಷಣ. ಫೆಲೋಶಿಪ್ ಬಂದಾಗ ವಿಜಯಪುರದಲ್ಲಿ ಕೊಂಡು ತಿಕೋಟಾದ ಅಕ್ಕನ ಮಗಳಿಗೆ ಒಯ್ದ ಆಟಿಕೆಯೂ ಹಾಗೇ: ಚಪ್ಪಾಳೆ ತಟ್ಟಿದರೆ, ಮಾತಾಡಿಸಿದರೆ ಕತ್ತೆತ್ತಿ ಕಿಂಯ್ ಅನ್ನುತ್ತದೆ.

ಒಣದ್ರಾಕ್ಷಿ ಶೆಡ್ಡಿನ ನೆರಳಲ್ಲಿ ಅದನ್ನು ಕೂರಿಸಿಕೊಂಡು ಅವಳು ಕೇಳಿದಳು, ‘ವಾಲ್ಯಾ, ಊಟಾತೇನೋ?’

ಕಿಂಯ್.

‘ಆತಂತ ಮಾಮಾ. ರೊಟ್ಟಿ, ಬದನಿಕಾಯಿ ಪಲ್ಯೆ.’

ಬಬಲೇಶ್ವರದ ಚಿಕ್ಕಪ್ಪನ ಮನೆಯಲ್ಲಿ ಇಂಗ್ಲಿಷ್ ಮಾತಾಡುವ ರೋಬೋ ಇದೆ. ಅದು ಬಣ್ಣ, ಅಂಕಿ ಕೇಳುತ್ತದೆ, ಹುಡುಗ ಉತ್ತರಿಸುತ್ತಾನೆ, ತಪ್ಪಿದರೆ ಮತ್ತೆ ಕೇಳುತ್ತದೆ. ‘ಇಂಟರ್‍ಯಾಕ್ಟಿವ್’ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿದೆ. ಅವನಿಗೆ ಅದರ ಊಟದ ಚಿಂತೆ ಬಂದದ್ದನ್ನು ನಾನು ಕಂಡಿಲ್ಲ. ಉತ್ತರ ಕೊಡುವ ಕೆಲಸವೇ ಅವನಿಗೆ ಕೈತುಂಬ ಇದೆ, ಪಾಪ.

ನಮ್ಮ ಗೋಳಗುಮ್ಮಟವೂ ಮಾತಿಗೆ ಮಾತು ಕೊಡುತ್ತದಲ್ಲ! ಏಳು ಸಲ ಅನ್ನುತ್ತಾರೆ. ಆದರೆ ಯಾವ ಭಾಷೆಯಲ್ಲಿ ಕೂಗಿದರೂ ತಿದ್ದುವುದಿಲ್ಲ. ಅವಳ ವಾಲ್ಯಾ ಆ ಜಾತಿಯವನು. ಅರ್ಥವನ್ನೆಲ್ಲ ಅವಳಿಗೇ ಬಿಟ್ಟಿದ್ದಾನೆ. ಅವಳು ಕಿಂಯ್‌ಗೆ ದಿನಕ್ಕೊಂದು ಕನ್ನಡ ಕಟ್ಟುತ್ತಾಳೆ.

‘ಬ್ಯಾಟ್ರಿ ಹೋಗಿ ವಾರಾತು,’ ಎಂದಳು ಅಕ್ಕ ಮೊನ್ನೆ ಫೋನಿನಲ್ಲಿ. ‘ಮಾತು ಇನ್ನೂ ನಿಂತಿಲ್ಲ.’